ದೇವರ ಪಟ ಒಂದು

2023ರ ಬೇಸಿಗೆಯಲ್ಲಿ ನಾನೂ ನನ್ನಾಕೆಯೂ ಇಟಲಿಯ ಮಿಲಾನಿನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಲ್ಲಿಂದ ರೈಲಿನಲ್ಲಿ ಎರಡು ತಾಸು ಹೋದರೆ ಪಾದುವಾ ಎಂಬ ಊರು. ಆ ಊರಿನಲ್ಲಿ ಒಂದು ಪುಟ್ಟ ಪ್ರಾರ್ಥನಾ ಮಂದಿರವಿದೆ, ನೋಡಲೇಬೇಕು ಎಂದು ಮಗಳು ಹಟ ಹಿಡಿದು ಕರೆದುಕೊಂಡು ಹೋದಳು. ಹೊರಗಿನಿಂದ ನೋಡಿದರೆ ಇಟ್ಟಿಗೆಯ ಸಾದಾ ಕಟ್ಟಡ, ನಮ್ಮ ಕಡೆಯ ಹಳೇ ಗೋದಾಮಿನ ಹಾಗೆ. ಒಳಗೆ ಬಿಡುವ ಮೊದಲು ಒಂದು ಗಾಜಿನ ಕೋಣೆಯಲ್ಲಿ ಕಾಲು ತಾಸು ಕೂರಿಸುತ್ತಾರೆ. ನಾವು ಹೊತ್ತು ತಂದ ತೇವ, ಧೂಳು ಚಿತ್ರಗಳಿಗೆ ತಾಕಬಾರದೆಂದು ಆ ಏರ್ಪಾಡು. ಆಮೇಲೆ ಒಳಗೆ ಇರಲು ಸಿಗುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. "ಕಾಲು ತಾಸು ನೋಡಾಕ ಕಾಲು ತಾಸು ಕಾಯೂದೇನ?" ಎಂದು ನನ್ನಾಕೆ ಗೊಣಗಿದಳು.

ಒಳಗೆ ಕಾಲಿಟ್ಟ ಮೇಲೆ ಗೊಣಗಾಟ ನಿಂತುಹೋಯಿತು. ಮೇಲೆ ಇಡೀ ಛಾವಣಿ ಕಡುನೀಲಿ, ಅದರ ತುಂಬ ಬಂಗಾರದ ಚುಕ್ಕೆಗಳು. ಎರಡೂ ಗೋಡೆಗಳ ಮೇಲೆ ಸಾಲುಸಾಲಾಗಿ ಕಥೆ. ಮೇರಿಯ ತಂದೆತಾಯಿಯರಾದ ಯೋವಾಕಿಮ್ ಮತ್ತು ಅನ್ನಾರಿಂದ ಶುರುವಾಗಿ, ಮೇರಿಯ ಬಾಲ್ಯ, ಯೇಸುವಿನ ಹುಟ್ಟು, ಶಿಲುಬೆ, ಪುನರುತ್ಥಾನದವರೆಗೆ. ಬರೆದವನು ಜೊತ್ತೋ ಎಂಬ ಚಿತ್ರಕಾರ. ಮಂದಿರದ ಪ್ರತಿಷ್ಠೆ ಆದದ್ದು 1305ರಲ್ಲಿ. ಚಿತ್ರಗಳು ಓದುಬಾರದವರ ಪುಸ್ತಕ ಎಂಬ ಅರ್ಥದ ಮಾತನ್ನು ಗ್ರೆಗರಿ ಎಂಬ ಪೋಪ್ ಸುಮಾರು 600ನೇ ಇಸವಿಯಲ್ಲೇ ಒಬ್ಬ ಬಿಷಪ್ಪರಿಗೆ ಬರೆದಿದ್ದರಂತೆ. ಜನ ಚಿತ್ರಗಳಿಗೇ ಪೂಜೆ ಮಾಡುತ್ತಾರೆಂದು ಸಿಟ್ಟಾಗಿ ಆ ಬಿಷಪ್ಪರು ಅವನ್ನು ಒಡೆಸಿಹಾಕಿದ್ದರು. ಪೂಜೆ ಬೇಡ, ಆದರೆ ಒಡೆಯಲೂ ಬೇಡ, ಓದುಬಾರದವನು ಗೋಡೆ ನೋಡಿ ತಿಳಿದುಕೊಳ್ಳಲಿ ಎಂದು ಪೋಪರು ತಿದ್ದಿದರು. ನಮ್ಮೂರಿನ ಗುಡಿಯಲ್ಲಿ ರಾಮಾಯಣದ ಪಟಗಳನ್ನು ತೋರಿಸಿ ನನ್ನಜ್ಜಿ ಕಥೆ ಹೇಳುತ್ತಿದ್ದುದೂ ಇದೇ ಲೆಕ್ಕದಲ್ಲಿ. ಹಾಗಾಗಿ ಆ ಗೋಡೆಗಳು ನನಗೇನೂ ಪರಕೀಯ ಅನ್ನಿಸಲಿಲ್ಲ.

ಅಷ್ಟರಲ್ಲಿ ಮಗಳು ನಗುತ್ತ ಅಂದಳು: "ಅಪ್ಪಾ, ಈ ಗುಡಿ ಕಟ್ಟಿಸಿದಾಂವ ನಿಮ್ಮ ಲೈನಿನಾಂವ ನೋಡ್ರಿ. ಬಡ್ಡಿ ವ್ಯಾಪಾರದ ಮನಿತನ."

ಕಟ್ಟಿಸಿದವನು ಎನ್ರಿಕೋ ಸ್ಕ್ರೊವೆನ್ಯಿ. ಅವನಪ್ಪ ರೆಜಿನಾಲ್ದೋ ಪಾದುವಾದ ಹೆಸರಾಂತ ಬಡ್ಡಿ ಸಾಹುಕಾರ. ಎಷ್ಟು ಹೆಸರಾಂತನೆಂದರೆ ದಾಂತೆ ಕವಿ ತನ್ನ ಕಾವ್ಯದ ನರಕದಲ್ಲಿ, ಕೊರಳಿಗೆ ಹಣದ ಚೀಲ ಕಟ್ಟಿಕೊಂಡು ಕುಳಿತ ಬಡ್ಡಿಕೋರರ ನಡುವೆ, ಪಾದುವಾದವನೊಬ್ಬನನ್ನು ಕೂರಿಸಿದ್ದಾನೆ. ಚೀಲದ ಮೇಲಿನ ಮನೆತನದ ಗುರುತಿನಿಂದ ಅವನು ರೆಜಿನಾಲ್ದೋನೇ ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಅಪ್ಪನ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಮಗ ಮಂದಿರ ಕಟ್ಟಿಸಿದ ಎಂಬುದು ಬಳಕೆಯ ಮಾತು. ವಿದ್ವಾಂಸರೆಲ್ಲರೂ ಇದನ್ನು ಒಪ್ಪುವುದಿಲ್ಲ, ಮಗನ ಡೌಲೂ ಅದರಲ್ಲಿತ್ತು ಅನ್ನುವವರಿದ್ದಾರೆ. ಪಕ್ಕದ ಮಠದ ಸಂನ್ಯಾಸಿಗಳಂತೂ 1305ರಲ್ಲೇ, ಇದು ಭಕ್ತಿಗಿಂತ ಆಡಂಬರಕ್ಕೇ ಹೆಚ್ಚಾಗಿ ಕಟ್ಟಿದ್ದು ಎಂದು ದೂರು ಕೊಟ್ಟಿದ್ದರು.

ಹೊರಬೀಳುವ ಮುಂಚೆ ನಾನು ತಿರುಗಿ ಪಶ್ಚಿಮದ ಗೋಡೆ ನೋಡಿದೆ. ಅದರ ಉದ್ದಗಲಕ್ಕೂ ಅಂತಿಮ ತೀರ್ಪಿನ ಚಿತ್ರ. ನಮ್ಮ ಬಲಕ್ಕೆ ನರಕ. ಅಲ್ಲಿ ಬಡ್ಡಿಕೋರರು ತಮ್ಮ ಹಣದ ಚೀಲದ ದಾರಕ್ಕೇ ಕೊರಳು ಸಿಕ್ಕಿ ನೇತಾಡುತ್ತಿದ್ದಾರೆ. ಎಡಗಡೆ, ಪುಣ್ಯವಂತರ ಪಾಳಿಯಲ್ಲಿ, ಇದೇ ಎನ್ರಿಕೋ ಮೊಣಕಾಲೂರಿ ಕುಳಿತು ಮಂದಿರದ ಮಾದರಿಯೊಂದನ್ನು ಮೇರಿಗೆ ಒಪ್ಪಿಸುತ್ತಿದ್ದಾನೆ. ನಡುವೆ ಶಿಲುಬೆ. ಎದುರುಗಡೆ ವೇದಿಕೆಯ ಕಮಾನಿನ ಮೇಲೆ ಜೂದಾಸ, ಕೈಯಲ್ಲಿ ಬೆಳ್ಳಿಯ ಚೀಲ, ಬೆನ್ನ ಹಿಂದೆ ಕಪ್ಪು ಪಿಶಾಚಿ. ಗೋಡೆಯ ಕೆಳಸಾಲಿನಲ್ಲಿ ಬೂದುಬಣ್ಣದ ಸದ್ಗುಣ ದುರ್ಗುಣಗಳ ಮೂರ್ತಿಗಳು; ಅವುಗಳಲ್ಲಿ ದಾನ ಎಂಬ ಹೆಣ್ಣುಮಗಳು ಚೀಲಗಳನ್ನು ಕಾಲಡಿಗೆ ಮೆಟ್ಟಿ ನಿಂತಿದ್ದಾಳೆ. ಬಡ್ಡಿಯ ದುಡ್ಡು ಕೊಟ್ಟವನ ಮನೆದೇವರ ಕೋಣೆಯಲ್ಲೇ ಬಡ್ಡಿಕೋರನನ್ನು ನೇತುಹಾಕಿದ್ದಾನೆ ಆ ಜೊತ್ತೋ. ಅವನ ಧೈರ್ಯಕ್ಕೆ ತಲೆದೂಗಬೇಕೋ, ಅಥವಾ ಹಾಗೆ ಬರೆಯಲು ಬಿಟ್ಟ ಧಣಿಗೋ, ತಿಳಿಯಲಿಲ್ಲ.

ಗಂಟೆ ಬಾರಿಸಿತು. ಎಲ್ಲರೂ ಹೊರಟರು. ನಾನು ಮಾತ್ರ ನಿಂತೇ ಇದ್ದೆ. "ಏನ್ರೀ, ಹಿಂಗ್ಯಾಕ ನಿಂತೀರಿ?" ಅಂದಳು ನನ್ನಾಕೆ. ಆ ಕ್ಷಣ ನನ್ನ ಕಣ್ಣಿಗೆ ಕಟ್ಟಿದ್ದು ಪಾದುವಾ ಅಲ್ಲ. ಹದಿನೆಂಟು ವರ್ಷದ ಹಿಂದೆ, ಆಗ ಔರಂಗಾಬಾದ್ ಅನ್ನಿಸಿಕೊಳ್ಳುತ್ತಿದ್ದ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ ನಾನೇ ಕೈಯಾರೆ ಗೋಡೆಯಿಂದ ಇಳಿಸಿದ ಒಂದು ಪಟ.

ಮೂವತ್ತೇಳು ವರ್ಷದ ಬ್ಯಾಂಕ್ ನೌಕರಿಯಲ್ಲಿ ಒಂಬತ್ತು ಊರು ಸುತ್ತಿದವನು ನಾನು. ಪ್ರತಿ ವರ್ಗಾವಣೆಯಲ್ಲೂ ನಮ್ಮ ಮನೆಯಲ್ಲಿ ಮೊದಲು ಕಟ್ಟುತ್ತಿದ್ದುದೂ ಕೊನೆಗೆ ಬಿಚ್ಚುತ್ತಿದ್ದುದೂ ದೇವರ ಪಟಗಳನ್ನು. ಬಾಡಿಗೆ ಮನೆಯವರು "ಗೋಡೆಗೆ ಮೊಳೆ ಹೊಡೀಬೇಡಿ" ಅನ್ನುತ್ತಾರೆ. ಹಾಗಾಗಿ ನಮ್ಮ ವೆಂಕಟೇಶ, ಬನಶಂಕರಿ ಇಬ್ಬರೂ ಎಲ್ಲ ಊರಿನಲ್ಲೂ ಅಡಿಗೆಮನೆಯ ಕಟ್ಟೆಗೆ ಒರಗಿಕೊಂಡೇ ಕಾಲ ಕಳೆದರು. ಊರು ಬಿಟ್ಟವರಿಗೆ ಇದು ಹೇಳಬೇಕಾದ ಮಾತಲ್ಲ. ಪಟ ಇಟ್ಟು ದೀಪ ಹಚ್ಚಿದ ಮೇಲೇ ಪರಊರಿನ ಮನೆ ಮನೆ ಅನ್ನಿಸಿಕೊಳ್ಳುವುದು. ಇಷ್ಟು ತಿಳಿದವನು ನಾನು. ಆದ್ದರಿಂದ ಮುಂದೆ ಹೇಳುವುದು ತಿಳಿಯದೆ ಮಾಡಿದ್ದು ಅಂತ ಹೇಳಿಕೊಳ್ಳುವ ಅನುಕೂಲ ನನಗಿಲ್ಲ.

2002ರಿಂದ 2006ರವರೆಗೆ ನಾನು ಅಲ್ಲಿಯ ಒಂದು ಶಾಖೆಯ ಮುಖ್ಯಸ್ಥ. ನಮ್ಮ ಗಿರಾಕಿಗಳಲ್ಲಿ ಒಬ್ಬ ಮರಾಠಿ ಕ್ರೈಸ್ತರಿದ್ದರು. ದೊಡ್ಡ ಕಾರ್ಖಾನೆಗಳಿಗೆ ಸಣ್ಣಪುಟ್ಟ ಬಿಡಿಭಾಗ ಮಾಡಿಕೊಡುವ ವರ್ಕ್‌ಶಾಪು, ನಾಲ್ಕು ಲೇತ್ ಮಷೀನು, ಆರೇಳು ಜನ ಕೆಲಸದವರು. ಕಂತು ಎಂದೂ ತಪ್ಪಿಸಿದವರಲ್ಲ. 2003ರ ಮಾರ್ಚ್ ಕೊನೆಯಲ್ಲಿ ಮುಂಗಡದ ಗುರಿ ಮುಟ್ಟಲು ನನಗೆ ಇನ್ನೂ ಒಂದಿಷ್ಟು ಲಕ್ಷ ಕಡಿಮೆ ಬಿತ್ತು. ನಾನೇ ಅವರನ್ನು ಕರೆಸಿ, "ಲಿಮಿಟ್ ಹೆಚ್ಚಿಸಿಕೊಳ್ಳಿ, ಹೊಸ ಮಷೀನು ಹಾಕಿ, ಇನ್ನೂ ಎಷ್ಟು ದಿನ ಹೀಗೇ ಇರ್ತೀರಿ" ಎಂದೆ. ಅವರು ಹಿಂದೆಮುಂದೆ ನೋಡಿದರು. ಆರ್ಡರು ಅಷ್ಟಿಲ್ಲ ಸಾಹೇಬ್, ಎಂದರು. ಬರ್ತಾವೆ ಬಿಡ್ರಿ, ಎಂದೆ. ಮನೆ ಅಡವಿಟ್ಟುಕೊಂಡು ಮಂಜೂರು ಮಾಡಿದೆ. ಎಂ.ಕಾಂ. ಓದಿದವನು, ಇಪ್ಪತ್ತು ವರ್ಷ ಬ್ಯಾಲೆನ್ಸ್ ಶೀಟು ನೋಡಿದವನು. ಆ ಲೆಕ್ಕ ಭಾರ ತಡೆಯುವುದಿಲ್ಲವೆಂದು ಆವತ್ತೇ ನನ್ನ ಕಣ್ಣಿಗೆ ಬಿದ್ದಿತ್ತು. ಕಣ್ಣು ಬೇರೆ ಕಡೆ ತಿರುಗಿಸಿದೆ.

ಆರ್ಡರು ಬರಲಿಲ್ಲ. 2004ರಲ್ಲಿ ಖಾತೆ ಎನ್‌ಪಿಎ ಆಯಿತು. 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ಅರವತ್ತು ದಿನದ ನೋಟೀಸು ಹೋಯಿತು. 2005ರ ಒಂದು ಬೆಳಿಗ್ಗೆ, ಪಂಚರು, ಪೊಲೀಸರು, ಕೈಯಲ್ಲಿ ಬೀಗ ಹಿಡಿದ ಪ್ಯೂನು, ಇಷ್ಟು ಜನ ಛಾವಣಿಯ ಹತ್ತಿರದ ಆ ಮನೆ ಸ್ವಾಧೀನಕ್ಕೆ ಹೋದೆವು. ಅಧಿಕೃತ ಅಧಿಕಾರಿ ನಾನೇ. ಸಾಮಾನೆಲ್ಲ ಅವರೇ ಹೊರಗೆ ತಂದಿಟ್ಟರು, ಗಲಾಟೆ ಮಾಡಲಿಲ್ಲ. ಕೊನೆಗೆ ಪಡಸಾಲೆಯಲ್ಲಿ ಉಳಿದದ್ದು ಯೇಸುವಿನ ಪವಿತ್ರ ಹೃದಯದ ಒಂದು ಪಟ. ಎದೆಯಲ್ಲಿ ಉರಿಯುವ ಹೃದಯ, ಅದನ್ನು ತೋರಿಸುವ ಕೈ, ಕೆಳಗೆ ಒಂದು ಸಣ್ಣ ಕೆಂಪು ಬಲ್ಬು. ಅವರ ತಾಯಿ ಬಾಗಿಲಲ್ಲಿ ಕುಳಿತಿದ್ದರು. ಮಗ ಪಟ ಇಳಿಸಲು ಹೋದಾಗ ತಡೆದು, ನನ್ನ ಕಡೆ ನೋಡಿ ಮರಾಠಿಯಲ್ಲಿ ಹೇಳಿದರು: "ಅದನ್ನ ನೀವೇ ಇಳಿಸಿ."

ನಾನು ಬೂಟು ಬಿಚ್ಚಿದೆ. ಯಾರ ದೇವರಾದರೇನು, ಬೂಟುಗಾಲಲ್ಲಿ ಮುಟ್ಟಬಾರದು ಎಂಬ ಸಂಸ್ಕಾರ. ಸ್ಟೂಲು ಹತ್ತಿ ಪಟ ಇಳಿಸಿ ಆ ತಾಯಿಯ ಕೈಗೆ ಕೊಟ್ಟೆ. ಗೋಡೆಯ ಮೇಲೆ ಪಟವಿದ್ದಷ್ಟು ಜಾಗ ಸುಣ್ಣ ಮಾಸದೆ ಬೆಳ್ಳಗೆ ಉಳಿದಿತ್ತು. ಪಂಚನಾಮೆ ಬರೆಯುತ್ತಿದ್ದ ಹುಡುಗ ಕೇಳಿದ, "ಸರ್, ಇದನ್ನೂ ಪಟ್ಟಿಗೆ ಹಾಕೋದಾ?" ಹಾಕು ಎಂದೆ. ಅವನು ಬರೆದ: ದೇವರ ಪಟ, ಒಂದು. ಬೆಲೆಯ ಕಾಲಮ್ಮಿನಲ್ಲಿ ಒಂದು ಗೆರೆ ಎಳೆದ.

ಆ ರಾತ್ರಿ ನಾನು ಮನೆಗೆ ಬಂದು, ಬೂಟು ಬಿಚ್ಚಿದ್ದನ್ನು ನನ್ನಾಕೆಗೆ ಹೇಳಿದೆ. ಹೇಳುವಾಗ ಒಂದಿಷ್ಟು ಸಮಾಧಾನವೂ, ಸುಳ್ಳು ಯಾಕೆ, ಒಂದಿಷ್ಟು ಹೆಮ್ಮೆಯೂ ಇತ್ತು.

ಮರುವರ್ಷ ನನಗೆ ಬಡ್ತಿ ಬಂತು. ಆ ಖುಷಿಗೆ, ಗದಗ ಜಿಲ್ಲೆಯ ನಮ್ಮೂರ ಗುಡಿಯ ಗೋಡೆಗಳ ಮೇಲೆ ದಶಾವತಾರದ ಚಿತ್ರ ಬರೆಸಲು ಒಂದು ಮೊತ್ತ ಕೊಟ್ಟೆ. ಊರು ಬಿಟ್ಟವರಿಗೆಲ್ಲ ಈ ಆಸೆ ಇದ್ದದ್ದೇ. ನಾವಿಲ್ಲದಿದ್ದರೂ ನಮ್ಮ ಹೆಸರು ಅಲ್ಲಿರಲಿ ಅಂತ. ಬಾಗಿಲ ಪಕ್ಕದ ಅಮೃತಶಿಲೆಯ ಮೇಲೆ ಈಗಲೂ ನನ್ನ ಹೆಸರಿದೆ, ಹೆಸರಿನ ಮುಂದೆ ಹುದ್ದೆಯೂ ಇದೆ. ಮೇರಿಗೆ ಮಂದಿರ ಒಪ್ಪಿಸುತ್ತಿದ್ದ ಎನ್ರಿಕೋನನ್ನು ಕಂಡಾಗ ನನ್ನ ಕಾಲು ಯಾಕೆ ಕಿತ್ತು ಬರಲಿಲ್ಲ ಎಂಬುದು ಈಗ ಓದುಗರಿಗೆ ಗೊತ್ತಾಗಿರಬೇಕು.

ಪ್ರಶ್ನೆ ಇದು: ಮನುಷ್ಯನಿಗೆ ಕೊಡಬೇಕಾದದ್ದನ್ನು ದೇವರಿಗೆ ಕೊಟ್ಟರೆ ಸಾಲ ತೀರುತ್ತದೆಯೇ?

ನಮ್ಮ ಕಸುಬಿನಲ್ಲಿ ಸೆಟ್ ಆಫ್ ಎಂಬ ಹಕ್ಕಿದೆ. ಒಬ್ಬನ ಉಳಿತಾಯ ಖಾತೆಯಲ್ಲಿ ಹಣವಿದ್ದು, ಅವನದೇ ಸಾಲ ಬಾಕಿಯಿದ್ದರೆ ಬ್ಯಾಂಕು ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಿಕೊಳ್ಳಬಹುದು. ಆದರೆ ಕೊಡುವವರೂ ಕೊಡಿಸಿಕೊಳ್ಳುವವರೂ ಎರಡು ಕಡೆಯೂ ಅವರೇ ಆಗಿರಬೇಕು, ಒಂದೇ ಹಕ್ಕಿನಲ್ಲಿ. ಟ್ರಸ್ಟಿನ ಖಾತೆಯ ಹಣ ತೆಗೆದು ಟ್ರಸ್ಟಿಯ ಸ್ವಂತ ಸಾಲ ತೀರಿಸಿಕೊಂಡರೆ ಅದು ಅಪರಾಧ. ಎನ್ರಿಕೋನ ಬಾಕಿ ಇದ್ದದ್ದು ಪಾದುವಾದ ಸಾಲಗಾರರ ಖಾತೆಯಲ್ಲಿ. ಅವನು ಜಮಾ ಮಾಡಿದ್ದು ಮೇರಿಯ ಖಾತೆಗೆ. ನನ್ನ ಬಾಕಿ ಇದ್ದದ್ದು ಛಾವಣಿಯ ಹತ್ತಿರದ ಆ ಮನೆಯಲ್ಲಿ, ಜಮಾ ಮಾಡಿದ್ದು ಗದಗ ಜಿಲ್ಲೆಯ ಗುಡಿಯಲ್ಲಿ. ಖಾತೆದಾರರೇ ಬೇರೆ. ಸೆಟ್ ಆಫ್ ಎಲ್ಲಿಂದ ಬರಬೇಕು?

ಇದು ಬ್ಯಾಂಕಿನವನ ಕೊಂಕು ಅಂದುಕೊಳ್ಳಬೇಡಿ. ಆ ಕಾಲದ ಕ್ರೈಸ್ತ ಧರ್ಮಶಾಸ್ತ್ರವೂ ಇದನ್ನೇ ಹೇಳುತ್ತಿತ್ತು. ಕಸಿದದ್ದನ್ನು ಕಸಿದವರಿಗೇ ಹಿಂದಿರುಗಿಸದೆ ಪಾಪಕ್ಕೆ ಕ್ಷಮೆಯಿಲ್ಲ ಎಂಬುದು ಅದರ ನಿಯಮ. 1179ರ ಲ್ಯಾಟರನ್ ಧರ್ಮಸಭೆಯಂತೂ, ಬಹಿರಂಗವಾಗಿ ಬಡ್ಡಿ ವ್ಯಾಪಾರ ಮಾಡುವವರ ಕಾಣಿಕೆಯನ್ನು ಯಾವ ಗುರುವೂ ಮುಟ್ಟಬಾರದು, ಅವರು ಪಶ್ಚಾತ್ತಾಪವಿಲ್ಲದೆ ಸತ್ತರೆ ಕ್ರೈಸ್ತ ಸಂಸ್ಕಾರವನ್ನೂ ಕೊಡಬಾರದು ಎಂದು ಕಟ್ಟುನಿಟ್ಟು ಮಾಡಿತ್ತು. ನಮ್ಮಲ್ಲಿ ಅಷ್ಟು ದೂರ ಹೋಗಬೇಕಾಗಿಲ್ಲ. ಆಯ್ದಕ್ಕಿ ಲಕ್ಕಮ್ಮನ ಕಥೆ ಗೊತ್ತಲ್ಲ. ಗಂಡ ಮಾರಯ್ಯ ದಾಸೋಹಕ್ಕೆಂದು ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ನಮ್ಮ ಪಾಲಿನದಲ್ಲ, ಇದ್ದಲ್ಲೇ ಸುರಿದು ಬಾ ಎಂದು ಕಳಿಸಿದ ಹೆಣ್ಣುಮಗಳು ಆಕೆ. ಅಕ್ಕಿ ಶಿವನ ಎಡೆಗೆ ಹೋಗುವ ಮೊದಲು ಅದು ಎಲ್ಲಿಂದ ಬಂತೆಂದು ಕೇಳಿದಳು. ಎನ್ರಿಕೋನ ಮನೆಯಲ್ಲಿ ಒಬ್ಬ ಲಕ್ಕಮ್ಮ ಇದ್ದಿದ್ದರೆ ಏನಾಗುತ್ತಿತ್ತೋ. ನನ್ನ ಮನೆಯಲ್ಲಿ ಇದ್ದಳು, ಆದರೆ ಮಾರ್ಚ್ ತಿಂಗಳಿನ ವಿಷಯ ನಾನು ಆಕೆಗೆ ಹೇಳಿರಲಿಲ್ಲ.

ಹಾಗಂತ ಬಡ್ಡಿಯೇ ಪಾಪ ಎಂದು ನಾನು ಒಪ್ಪುವುದಿಲ್ಲ. ನಿವೃತ್ತನಾಗಿ ನಾಸಿಕ್ಕಿನಲ್ಲಿ ನೆಲೆಸಿದ ಮೇಲೆ ತಿಂಗಳಿಗೊಮ್ಮೆಯಾದರೂ ಪಾಂಡವಲೇಣಿಯ ಮೆಟ್ಟಿಲು ಹತ್ತುತ್ತೇನೆ. ಅಲ್ಲಿಯ ಹತ್ತನೇ ಗುಹೆಯಲ್ಲಿ ಸುಮಾರು 1900 ವರ್ಷದ ಹಿಂದಿನ ಒಂದು ಶಾಸನವಿದೆ. ಕ್ಷತ್ರಪ ದೊರೆ ನಹಪಾನನ ಅಳಿಯ ಉಷವದಾತ ಬೌದ್ಧ ಭಿಕ್ಷುಗಳಿಗೆ ಗುಹೆಯ ಜೊತೆ 3000 ಕಾರ್ಷಾಪಣ ಕೊಟ್ಟ. ಕೈಗೆ ಕೊಡಲಿಲ್ಲ, ಗೋವರ್ಧನದ ನೇಕಾರರ ಎರಡು ಶ್ರೇಣಿಗಳಲ್ಲಿ ಠೇವಣಿ ಇಟ್ಟ. 2000ಕ್ಕೆ ತಿಂಗಳಿಗೆ ನೂರಕ್ಕೆ ಒಂದು, 1000ಕ್ಕೆ ನೂರಕ್ಕೆ ಮುಕ್ಕಾಲು. ಅಸಲು ತೆಗೆಯುವಂತಿಲ್ಲ, ಬಡ್ಡಿ ಮಾತ್ರ. ಮೊದಲನೆಯ ಬಡ್ಡಿಯಿಂದ ಮಳೆಗಾಲದಲ್ಲಿ ತಂಗುವ ಇಪ್ಪತ್ತು ಭಿಕ್ಷುಗಳಿಗೆ ತಲಾ ಹನ್ನೆರಡು ಕಾರ್ಷಾಪಣ ಬಟ್ಟೆಯ ದುಡ್ಡು. ಇದನ್ನು ಮೊದಲ ಸಲ ಓದಿದಾಗ ನನ್ನ ಹಳೇ ಚಾಳಿ, ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ವರ್ಷಕ್ಕೆ ಬಡ್ಡಿ 240, ಇಪ್ಪತ್ತು ಭಿಕ್ಷುಗಳಿಗೆ ಹನ್ನೆರಡರಂತೆ 240. ಒಂದು ಪೈಸೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ಆಹಾ, ಎಂಥ ಫಿಕ್ಸೆಡ್ ಡಿಪಾಸಿಟ್ಟು! ನೇಕಾರನ ಮಗ್ಗಕ್ಕೂ ಬಂಡವಾಳವಾಯಿತು, ಭಿಕ್ಷುವಿನ ಮೈಗೂ ಬಟ್ಟೆಯಾಯಿತು. ಸಾಲ ತಾಳುವವನಿಗೆ ಕೊಟ್ಟ ಸಾಲ ಇದು. ನಾನು ಕೊಟ್ಟದ್ದು ತಾಳದವನಿಗೆ.

ಹಾಗೆಯೇ ಮನೆ ಸ್ವಾಧೀನ ಮಾಡಿಕೊಂಡದ್ದೂ ತಪ್ಪೆಂದು ನಾನು ಹೇಳುವುದಿಲ್ಲ. ಬ್ಯಾಂಕಿನ ಹಣ ಅಂದರೆ ಯಾರೋ ನಿವೃತ್ತ ಮಾಸ್ತರರ, ಯಾರೋ ವಿಧವೆಯ ಠೇವಣಿ. ಅದನ್ನು ಬಿಟ್ಟುಕೊಡಲು ನಾನ್ಯಾರು? ಜೂನಿನಲ್ಲೋ ಜುಲೈಯಲ್ಲೋ ಮಾಡಿದ ಜಪ್ತಿಯಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಎರಡು ವರ್ಷ ಹಿಂದಿನ ಮಾರ್ಚಿನಲ್ಲಿ. ಅದಕ್ಕೆ ಯಾವ ಪಂಚನಾಮೆಯೂ ಆಗಲಿಲ್ಲ.

ದಾನದ ಚಿತ್ರಗಳನ್ನು ನಾನು ಮೊದಲು ನೋಡಿದ್ದು ಮಂಗಳೂರಿನಲ್ಲಿ. 1982ರಲ್ಲಿ ಪ್ರೊಬೇಷನರಿ ಆಗಿದ್ದಾಗ ಒಂದು ಭಾನುವಾರ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿಗೆ ಹೋಗಿದ್ದೆ. ಅದರ ಗೋಡೆ ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದವರು ಆಂಟೋನಿಯೋ ಮೊಸ್ಕೇನಿ ಎಂಬ ಜೆಸ್ವಿಟ್ ಬ್ರದರ್. ಮಿಲಾನಿಗೆ ಹತ್ತಿರದ ಬೆರ್ಗಾಮೋ ಕಡೆಯವರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಮಂಗಳೂರಿಗೆ ಬಂದು ಎರಡು ವರ್ಷದಲ್ಲಿ ಆ ಕೆಲಸ ಮುಗಿಸಿ, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಅವರೂ ಊರು ಬಿಟ್ಟವರೇ, ಪರಊರಲ್ಲೇ ಮಣ್ಣಾದವರು. ಅವರು ಛಾವಣಿಯಲ್ಲಿ ಬರೆದದ್ದು ಅಲೋಶಿಯಸರ ಬದುಕು. ಸಂಸ್ಥಾನದ ಹಿರೀಮಗ, ಹಕ್ಕನ್ನೆಲ್ಲ ತಮ್ಮನಿಗೆ ಬಿಟ್ಟು ಸಂನ್ಯಾಸಿಯಾಗಿ, 1591ರಲ್ಲಿ ರೋಮಿನಲ್ಲಿ ಪ್ಲೇಗು ರೋಗಿಗಳ ಸೇವೆ ಮಾಡುತ್ತ ಇಪ್ಪತ್ತಮೂರನೇ ವಯಸ್ಸಿಗೇ ಹೋದವರು. ಅವರು ಕೊಟ್ಟದ್ದು ತಮ್ಮದನ್ನು.

ಇದಕ್ಕೆ ಎದುರಾಗಿ ನನಗೆ ನೆನಪಾಗುವುದು ಅಜಂತಾ. ಸಂಭಾಜಿನಗರದಿಂದ ನೂರು ಕಿಲೋಮೀಟರ್. ಬಂದ ನೆಂಟರನ್ನೆಲ್ಲ ಕರೆದುಕೊಂಡು ಹೋಗಿ ಆ ಗುಹೆಗಳು ನನಗೆ ಬಾಯಿಪಾಠ. ಹದಿನೇಳನೇ ಗುಹೆಯಲ್ಲಿ, ಐದನೇ ಶತಮಾನದ ಕುಂಚದಲ್ಲಿ, ವಿಶ್ವಂತರ ರಾಜಕುಮಾರನ ಜಾತಕವಿದೆ. ಕೇಳಿದವರಿಗೆ ಇಲ್ಲ ಎನ್ನದವನು. ರಾಜ್ಯದ ಆನೆ ಕೊಟ್ಟ, ದೇಶಭ್ರಷ್ಟನಾದ, ರಥ ಕುದುರೆ ಕೊಟ್ಟ, ಕೊನೆಗೆ ಕಾಡಿಗೆ ಬಂದ ಮುದಿ ಬ್ರಾಹ್ಮಣ ಜೂಜಕನಿಗೆ ತನ್ನ ಎರಡು ಎಳೆಯ ಮಕ್ಕಳನ್ನೇ ಕೊಟ್ಟುಬಿಟ್ಟ. ಮುಂದೆ ಅಜ್ಜ ಹಣ ಕೊಟ್ಟು ಮೊಮ್ಮಕ್ಕಳನ್ನು ಬಿಡಿಸಿಕೊಳ್ಳುತ್ತಾನೆ, ಎಲ್ಲ ಸುಖಾಂತ. ದಾನಪಾರಮಿತೆಯ ಪರಮಾವಧಿ ಎಂದು ಗೈಡು ಹೇಳುತ್ತಾನೆ. ಇರಬಹುದು, ಅದರ ಒಳತತ್ತ್ವ ಬಲ್ಲವರು ಬಲ್ಲರು. ಆದರೆ ಪಾದುವಾದಿಂದ ಬಂದ ಮೇಲೆ ಆ ಕಥೆ ನೆನೆದಾಗಲೆಲ್ಲ ನನಗೆ ಹೊಳೆಯುವುದು ಒಂದೇ: ಕೊಟ್ಟವನು ಅಪ್ಪ, ತೆತ್ತವರು ಮಕ್ಕಳು. ನಮ್ಮ ಬಹಳಷ್ಟು ದಾನಗಳಲ್ಲಿ ಕಲ್ಲಿನ ಮೇಲೆ ಹೆಸರು ಒಬ್ಬನದು, ತೆತ್ತವರ ಹೆಸರು ಎಲ್ಲೂ ಇರುವುದಿಲ್ಲ.

ಹಾಗಾದರೆ ಅಂಥ ಹಣದಿಂದಾದ ಚಿತ್ರ ಮೈಲಿಗೆಯೇ? ಒಡೆಯಬೇಕೇ, ಒರೆಸಬೇಕೇ? ಇಲ್ಲ. ಜೊತ್ತೋನ ಮೇರಿ ಸತ್ತ ಮಗನ ಮುಖವನ್ನು ತನ್ನ ಮುಖಕ್ಕೆ ಒತ್ತಿಕೊಂಡಿರುವ ಚಿತ್ರದ ಮುಂದೆ ನನ್ನಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಕೆಗೆ ಎನ್ರಿಕೋ ಯಾರೆಂದು ಗೊತ್ತಿರಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗುವನ್ನು ಕಳೆದುಕೊಂಡ ತಾಯಿ ಮಾತ್ರ ಗೊತ್ತಿತ್ತು. ಚಿತ್ರ ಒಮ್ಮೆ ಆದ ಮೇಲೆ ನೋಡುವವರದು. ನಮ್ಮೂರ ಗುಡಿಯ ದಶಾವತಾರ ನೋಡಿ ಯಾವುದೋ ಮಗು ಕಥೆ ಕಲಿಯುತ್ತಿದ್ದರೆ ಆ ಚಿತ್ರಕ್ಕೆ ನನ್ನ ಮಾರ್ಚ್ ತಿಂಗಳು ಅಂಟುವುದಿಲ್ಲ. ಕಲೆ ಅಂಟಿರುವುದು ನನಗೆ. ಚಿತ್ರದ ಚೆಲುವನ್ನು ತೋರಿಸಿ ನನ್ನ ಬಾಕಿ ಮನ್ನಾ ಮಾಡಿಸಿಕೊಳ್ಳಲಾಗುವುದಿಲ್ಲ, ನನ್ನ ಬಾಕಿ ತೋರಿಸಿ ಚಿತ್ರವನ್ನು ಹಳಿಯಲೂ ಆಗುವುದಿಲ್ಲ.

ಇಷ್ಟೆಲ್ಲ ತತ್ತ್ವ ವಿಚಾರ ಮಾಡಿ ಸುಮ್ಮನೆ ಕುಳಿತರೆ ಅದೂ ಒಂದು ಬಗೆಯ ಅಮೃತಶಿಲೆಯ ಕಲ್ಲೇ. ವಾಪಸ್ಸು ಬಂದ ಮೇಲೆ ಹಳೇ ಸಹೋದ್ಯೋಗಿಯೊಬ್ಬರಿಂದ ಆ ಗಿರಾಕಿಯ ಸುಳಿವು ತೆಗೆದುಕೊಂಡೆ. ನಾಸಿಕ್ಕಿನಿಂದ ಯೇವಲಾ, ವೈಜಾಪುರದ ಮೇಲೆ ಬಸ್ಸಿನಲ್ಲಿ ಹೋದೆ. ಎರಡು ಕೋಣೆಯ ಬಾಡಿಗೆ ಮನೆ. ಎದುರು ಗೋಡೆಯ ಮೇಲೆ ಅದೇ ಪಟ, ಅದೇ ಕೆಂಪು ಬಲ್ಬು. ಇಲ್ಲಿ ಮೊಳೆ ಹೊಡೆಯಲು ಬಿಟ್ಟಿದ್ದಾರಲ್ಲ ಎಂಬ ವಿಚಿತ್ರ ಯೋಚನೆ ಮೊದಲು ಬಂತು. ಅವರು ಗುರುತು ಹಿಡಿದರು. ಚಹಾ ಕೊಟ್ಟರು. ಬೇರೆಯವರ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ಈಗ ಬಿಟ್ಟಿದ್ದಾರೆ. "ನೀವು ನಿಮ್ಮ ಕಾಯ್ದೆ ಪ್ರಕಾರ ಮಾಡಿದಿರಿ ಸಾಹೇಬ್," ಅಂದರು. ಆ ಮಾತನ್ನು ಹಾಗೇ ಒಪ್ಪಿಕೊಂಡು ಎದ್ದು ಬರುವ ಅವಕಾಶ ಇತ್ತು. ಬರಲಿಲ್ಲ. ಮಾರ್ಚಿನ ವಿಷಯ ಹೇಳಿದೆ. ನಿಮಗೆ ಅದು ಭಾರವಾಗುತ್ತದೆಂದು ನನಗೆ ಆವತ್ತೇ ಗೊತ್ತಿತ್ತು ಎಂದೆ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ನನಗೂ ಗೊತ್ತಿತ್ತು. ಸಹಿ ನಾನೂ ಹಾಕಿದೆನಲ್ಲ." ಸ್ವಲ್ಪ ತಡೆದು, "ಆಯಿ ಮಾತ್ರ ಸಾಯುವತನಕ ಒಂದು ಮಾತು ಹೇಳೋಳು" ಎಂದರು. ಏನು ಎಂದೆ. ಬೇಡ ಬಿಡಿ ಎಂದರು. ಒತ್ತಾಯ ಮಾಡಿದಾಗ ಹೇಳಿದರು: "ಬ್ಯಾಂಕಿನವನು ಬೂಟು ಬಿಟ್ಟ, ಮನೆ ಬಿಡಲಿಲ್ಲ."

ಹದಿನೆಂಟು ವರ್ಷ ನಾನು ಜತನವಾಗಿ ಇಟ್ಟುಕೊಂಡಿದ್ದ ಆ ಒಂದು ಪುಣ್ಯವನ್ನೂ ಆ ಮುದುಕಿ ಲೆಕ್ಕಕ್ಕೆ ಹಿಡಿದಿರಲಿಲ್ಲ. ಸರಿಯಾಗಿಯೇ ಇತ್ತು. ಪಟಕ್ಕೆ ತೋರಿದ ಮರ್ಯಾದೆ ಪಟದ ಖಾತೆಗೆ ಜಮಾ. ಆಕೆಯ ಖಾತೆಗೆ ಏನೂ ಬಂದಿರಲಿಲ್ಲ.

ಹಣ ಕೊಡುವ ಮಾತು ತೆಗೆದೆ, ಅವರು ಕೈ ಮುಗಿದು ಬೇಡವೆಂದರು. ಮೊಮ್ಮಗಳು ಇಂಜಿನಿಯರಿಂಗಿಗೆ ಸೇರಿದ್ದಳು, ವಿದ್ಯಾಭ್ಯಾಸದ ಸಾಲಕ್ಕೆ ಅರ್ಜಿ ಹಾಕಿ ಎರಡು ಸಲ ತಿರುಗಿ ಬಂದಿದ್ದಳು. ಆ ಕಾಗದ ಪತ್ರ ನೋಡಲು ಬಿಟ್ಟರು. ಮಧ್ಯಾಹ್ನವಿಡೀ ಕುಳಿತು ಅರ್ಜಿ ಸರಿಮಾಡಿಕೊಟ್ಟೆ. ಎಷ್ಟು ಬೇಕೋ ಅಷ್ಟೇ ಮೊತ್ತ ಬರೆಸಿದೆ. ಹುಡುಗಿ ಒಂದಿಷ್ಟು ಹೆಚ್ಚಿಗೆ ಕೇಳೋಣವೇ ಅಜ್ಜಾ ಎಂದಾಗ, ಬೇಡ ಮಗಾ ಎಂದೆ. ಸಾಲ ಮಂಜೂರಾಯಿತು. ಈಗಲೂ ಸೆಮಿಸ್ಟರಿಗೊಮ್ಮೆ ಆಕೆ ಫೋನ್ ಮಾಡಿ ಬಡ್ಡಿಯ ಲೆಕ್ಕ ಕೇಳುತ್ತಾಳೆ. ಇದರಿಂದ ಮನೆ ಹಿಂದೆ ಬಂತೇ? ಇಲ್ಲ. ಬಾಕಿ ತೀರಿತೇ? ತೀರಿಲ್ಲ. ಆದರೆ ಕಂತು ಈ ಸಲ ಸರಿಯಾದ ಖಾತೆಗೆ ಬಿದ್ದಿದೆ.

ಪಾಂಡವಲೇಣಿಯ ಮೂರನೇ ಗುಹೆಯಲ್ಲಿ ಇನ್ನೆರಡು ಶಾಸನಗಳಿವೆ. ನಹಪಾನನನ್ನು ಸೋಲಿಸಿದ 'ಗೌತಮೀಪುತ್ರ ಶಾತಕರ್ಣಿ' ಉಷವದಾತನ ಅನುಭೋಗದಲ್ಲಿದ್ದ 200 ನಿವರ್ತನ ಹೊಲವನ್ನು ಭಿಕ್ಷುಗಳಿಗೆ ಕೊಟ್ಟದ್ದು ಒಂದರಲ್ಲಿದೆ. ಗೆದ್ದವನು ಸೋತವನ ಜಮೀನು ದಾನ ಕೊಟ್ಟ, ಅಷ್ಟೇ. ಎರಡನೆಯದು ತುಸು ಈಚಿನದು, ರಾಜ ಮತ್ತು ರಾಜಮಾತೆಯ ಹೆಸರಿನಲ್ಲಿ. ಹಿಂದೆ ಒಂದು ಹಳ್ಳಿಯಲ್ಲಿ ಹೊಲ ಕೊಟ್ಟಿದ್ದೆವು, ಆ ಹೊಲ ಉಳುಮೆಯಾಗುತ್ತಿಲ್ಲ, ಆ ಹಳ್ಳಿಯಲ್ಲಿ ಜನವೂ ಇಲ್ಲ, ಆದ್ದರಿಂದ ಈ ಊರ ಗಡಿಯಲ್ಲಿರುವ ನಮ್ಮದೇ ಹೊಲದಿಂದ 100 ನಿವರ್ತನ ಕೊಡುತ್ತಿದ್ದೇವೆ ಎಂಬುದು ಅದರ ಸಾರಾಂಶ. ಕೊಟ್ಟದ್ದು ಪ್ರಯೋಜನಕ್ಕೆ ಬರಲಿಲ್ಲವೆಂದು ಒಬ್ಬ ಗೆದ್ದ ರಾಜ ಕಲ್ಲಿನಲ್ಲೇ ಕೆತ್ತಿಸಿ, ಎರಡನೇ ಸಲ ಸ್ವಂತದ್ದರಿಂದ ಕೊಟ್ಟ. ದಾನದ ಶಾಸನಗಳನ್ನು ನಾನು ಹಲವು ನೋಡಿದ್ದೇನೆ. ಹೀಗೆ ತಿದ್ದಿಕೊಂಡ ಶಾಸನ ನಾನು ನೋಡಿದ್ದು ಇದೊಂದೇ.

ಊರಿಗೆ ಹೋದಾಗ ಗುಡಿಯ ಕಲ್ಲಿನಿಂದ ನನ್ನ ಹೆಸರು ತೆಗೆಸಬೇಕೆಂದು ಒಮ್ಮೆ ಅನ್ನಿಸಿತ್ತು. ನನ್ನಾಕೆಗೆ ಈ ಸಲ ಎಲ್ಲವನ್ನೂ ಹೇಳಿ ಕೇಳಿದೆ. "ತೆಗಸೂದು ಯಾಕ? ಅದೂ ಒಂದು ದೊಡ್ಡಸ್ತಿಕೀನ. ಇರಲಿ, ಹೋದಾಗೊಮ್ಮೆ ನೋಡಿ ನೆನಪು ಮಾಡ್ಕೋರಿ," ಅಂದಳು. ಹಾಗೇ ಬಿಟ್ಟಿದ್ದೇನೆ.